ಎರಡು ಕಮಾನುಗಳ ಜಗಳ: ಹಳೆಯ ಕಾರಿನ ಸ್ಟಿಯರಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳೆಲ್ಲ ಹಳೆಯ ಕಾರುಗಳ ಸ್ಟಿಯರಿಂಗ್ ಬಗ್ಗೆಯೇ ಇವೆ. ಮುಂದಿನ ಎರಡು ಚಕ್ರಕ್ಕೂ ಸೇರಿ ಒಂದೇ ಇಡೀ ಆಕ್ಸಲ್, ಅದರ ಮೇಲೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳನ್ನು ಜೋಡಿಸಿದ ಸ್ಪ್ರಿಂಗ್), ಅಂಥ ಕಾಲದ ಕಾರುಗಳು. ಇವುಗಳ ಕೆಳಗೆ ಮಲಗಿ ಕೆಲಸ ಮಾಡುತ್ತಲೇ ನನಗೆ 40 ವರ್ಷ ಕಳೆದಿದೆ. ಹಾಗಾಗಿ ಮೊದಲ ಪತ್ರಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಸಾರ್, ನನ್ನ ಹತ್ತಿರ 1920ರ ದಶಕದ ಒಂದು ಟೂರರ್ ಕಾರು ಇದೆ. ಸಣ್ಣ ಉಬ್ಬುಗಳ ಮೇಲೆ ಹೋದರೆ ಏನೂ ಗೊತ್ತಾಗುವುದಿಲ್ಲ. ದೊಡ್ಡ ಉಬ್ಬು ಬಂದರೆ ಮಾತ್ರ ಸ್ಟಿಯರಿಂಗ್ ಕೈಯಲ್ಲಿ ಜಗ್ಗುತ್ತದೆ, ಕಾರು ಒಂದು ಕಡೆಗೆ ಸರಿಯುತ್ತದೆ. ಚಕ್ರ ಎಡಬಲಕ್ಕೆ ತಿರುಗುವ ಕಿಂಗ್ ಪಿನ್, ಬಾಲ್ ಜಾಯಿಂಟ್ ಎಲ್ಲ ಹೊಸದು ಹಾಕಿಸಿದೆ. ಸ್ಟಿಯರಿಂಗ್ ಬಾಕ್ಸ್ ಬಿಗಿ ಮಾಡಿಸಿದೆ. ಜಗ್ಗುವುದು ಕಡಿಮೆಯಾಗುವ ಬದಲು ಜಾಸ್ತಿಯಾಯಿತು! ಯಾಕೆ?

ಉತ್ತರ: ಜಾಸ್ತಿಯಾಯಿತು ಅಂದಿರಲ್ಲ, ಆ ಒಂದು ಮಾತಿನಲ್ಲೇ ಉತ್ತರ ಇದೆ. ಮೊದಲು ಜಾಯಿಂಟುಗಳಲ್ಲಿ ಆಟ, ಅಂದರೆ ಸಡಿಲ, ಇತ್ತು. ಆ ಆಟವೇ ಒಂದು ತಪ್ಪನ್ನು ನುಂಗಿಕೊಳ್ಳುತ್ತಿತ್ತು. ಎಲ್ಲ ಬಿಗಿಯಾದ ಮೇಲೆ ಆ ತಪ್ಪು ನೇರವಾಗಿ ಚಕ್ರಕ್ಕೂ ನಿಮ್ಮ ಕೈಗೂ ಬರುತ್ತಿದೆ. ತಪ್ಪು ಇರುವುದು ಸವೆದ ಭಾಗದಲ್ಲಿ ಅಲ್ಲ. ಯಾವ ಭಾಗ ಯಾವ ದಾರಿಯಲ್ಲಿ ಓಡಾಡುತ್ತದೆ ಅನ್ನುವುದರಲ್ಲಿ.

ನಿಮ್ಮ ಕಾರಿನ ಮುಂಭಾಗ ನೋಡಿ. ಪ್ರತಿ ಸ್ಪ್ರಿಂಗ್‌ನ ಮುಂದಿನ ತುದಿ ಛಾಸಿಗೆ (ಕಾರಿನ ಚೌಕಟ್ಟಿಗೆ) ಒಂದು ಪಿನ್ನಿನಲ್ಲಿ ಕೂತಿರುತ್ತದೆ. ಹಿಂದಿನ ತುದಿ ಶ್ಯಾಕಲ್ ಅನ್ನುವ ತೂಗುವ ಕೊಂಡಿಯಲ್ಲಿ ತೂಗಾಡುತ್ತದೆ. ಸ್ಪ್ರಿಂಗ್ ಬಾಗಿದಾಗ ಉದ್ದ ಹೆಚ್ಚು ಕಡಿಮೆ ಆಗುತ್ತದಲ್ಲ, ಅದಕ್ಕೆ ಜಾಗ ಬೇಕು. ಆ ಜಾಗ ಕೊಡುವುದೇ ಶ್ಯಾಕಲ್‌ನ ಕೆಲಸ. ಹೀಗೆ ಕಟ್ಟಿದ ಮೇಲೆ ಆಕ್ಸಲ್ ನೇರವಾಗಿ ಮೇಲೆ ಕೆಳಗೆ ಹೋಗುವುದಿಲ್ಲ. ಮುಂದಿನ ಪಿನ್ನಿನ ಕಡೆ ಒಂದು ಕೇಂದ್ರ ಇಟ್ಟುಕೊಂಡು ಕಮಾನಿನ ಹಾಗೆ, ಅಂದರೆ ವೃತ್ತದ ಒಂದು ತುಂಡಿನ ಹಾಗೆ, ತಿರುಗುತ್ತದೆ. ಆ ಕಮಾನಿನ ತ್ರಿಜ್ಯ ಸ್ಪ್ರಿಂಗ್‌ನ ಅರ್ಧ ಉದ್ದದ ಮುಕ್ಕಾಲು ಪಾಲು ಅಂತ ಇಟ್ಟುಕೊಂಡರೆ ಲೆಕ್ಕ ಹತ್ತಿರಕ್ಕೆ ಬರುತ್ತದೆ.

ಈಗ ಇನ್ನೊಂದು ಕಮಾನು. ಸ್ಟಿಯರಿಂಗ್ ಬಾಕ್ಸ್ ಇರುವುದು ಛಾಸಿಯ ಮೇಲೆ, ಆಕ್ಸಲ್‌ನ ಹಿಂದೆ. ಅದರಿಂದ ಡ್ರಾಪ್ ಆರ್ಮ್ ಅನ್ನುವ ತೋಳು ಕೆಳಗೆ ಇಳಿದಿದೆ. ಅದರ ತುದಿಯ ಗುಂಡಿನಿಂದ ಡ್ರ್ಯಾಗ್ ಲಿಂಕ್ ಅನ್ನುವ ಉದ್ದದ ರಾಡ್ ಮುಂದಕ್ಕೆ ಹೋಗಿ ಚಕ್ರದ ಸ್ಟಿಯರಿಂಗ್ ಆರ್ಮ್ ಹಿಡಿಯುತ್ತದೆ. ನೀವು ಸ್ಟಿಯರಿಂಗ್ ಅಲುಗಾಡದ ಹಾಗೆ ಹಿಡಿದರೆ ಹಿಂದಿನ ಗುಂಡು ನಿಂತಲ್ಲೇ ನಿಲ್ಲುತ್ತದೆ. ಲಿಂಕಿನ ಮುಂದಿನ ತುದಿ ಅದರ ಸುತ್ತ ಮಾತ್ರ ತಿರುಗಬಲ್ಲದು. ಅಂದರೆ ಕೇಂದ್ರ ಹಿಂದೆ.

ಒಂದು ಕಮಾನಿನ ಕೇಂದ್ರ ಮುಂದೆ, ಇನ್ನೊಂದರದು ಹಿಂದೆ. ಎರಡೂ ಒಂದಕ್ಕೊಂದು ಬೆನ್ನು ಹಾಕಿ ನಿಂತಿವೆ. ಸ್ಟಿಯರಿಂಗ್ ಆರ್ಮಿನ ಗುಂಡು ಒಂದೇ, ಅದು ಎರಡು ದಾರಿಯಲ್ಲೂ ಹೋಗಬೇಕು. ಆಗುತ್ತದಾ? ಆಗುವುದಿಲ್ಲ. ಆಕ್ಸಲ್ ತನ್ನ ದಾರಿ ಬಿಡುವುದಿಲ್ಲ, ಲಿಂಕ್ ಉದ್ದವಾಗುವುದಿಲ್ಲ. ಉಳಿದ ದಾರಿ ಒಂದೇ, ಚಕ್ರ ಕಿಂಗ್ ಪಿನ್ ಸುತ್ತ ತಿರುಗಿಬಿಡುತ್ತದೆ. ಎರಡು ಮುಂಚಕ್ರಗಳನ್ನು ಜೋಡಿಸುವ ಟೈ ರಾಡ್ ಇರುವುದರಿಂದ ಆಚೆ ಚಕ್ರವೂ ಜೊತೆಗೆ ತಿರುಗುತ್ತದೆ.

ಎಷ್ಟು ತಿರುಗುತ್ತದೆ ಅಂತ ಒಂದು ಸುಮಾರು ಲೆಕ್ಕ ಹಾಕೋಣ. ಪೆನ್ಸಿಲ್ ತೆಗೆದುಕೊಳ್ಳಿ. ಸ್ಪ್ರಿಂಗ್‌ನ ಅರ್ಧ ಉದ್ದ 45 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಮುಕ್ಕಾಲು ಪಾಲು ಅಂದರೆ ತ್ರಿಜ್ಯ ಸುಮಾರು 34. ಡ್ರ್ಯಾಗ್ ಲಿಂಕ್ 60 ಸೆಂಟಿಮೀಟರ್, ಸ್ಟಿಯರಿಂಗ್ ಆರ್ಮ್ 15. ಸ್ಪ್ರಿಂಗ್, ಲಿಂಕ್ ಎರಡೂ ಮಟ್ಟವಾಗಿ ಇದ್ದಾಗ ಆಕ್ಸಲ್ 5 ಸೆಂಟಿಮೀಟರ್ ಮೇಲೆ ಹೋಯಿತು. ಏರಿದ ದೂರದ ವರ್ಗವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಗುಂಡು ಎಷ್ಟು ಸರಿಯಬೇಕು ಅನ್ನುವುದು ಸಿಗುತ್ತದೆ. ಆಕ್ಸಲ್ ಗುಂಡನ್ನು 3.7 ಮಿಲಿಮೀಟರ್ ಮುಂದಕ್ಕೆ ಒಯ್ಯುತ್ತದೆ. ಲಿಂಕ್ 2.1 ಮಿಲಿಮೀಟರ್ ಹಿಂದಕ್ಕೆ ಎಳೆಯುತ್ತದೆ. ಒಟ್ಟು 5.8 ಮಿಲಿಮೀಟರ್ ಜಗಳ. 15 ಸೆಂಟಿಮೀಟರ್ ಆರ್ಮಿನಲ್ಲಿ ಇದು 2.2 ಡಿಗ್ರಿ. ನೀವು ಸ್ಟಿಯರಿಂಗ್ ತಿರುಗಿಸದೆಯೇ ಚಕ್ರಗಳು 2.2 ಡಿಗ್ರಿ ತಿರುಗಿದವು!

ಇದರಲ್ಲಿ ಎರಡು ವಿಷಯ ಗಮನಿಸಿ. ಲೆಕ್ಕದಲ್ಲಿ ಇರುವುದು ವರ್ಗ. ಹಾಗಾಗಿ ಅರ್ಧದಷ್ಟೇ ಏರಿದರೆ ತಪ್ಪು ಕಾಲು ಭಾಗಕ್ಕೆ ಇಳಿಯುತ್ತದೆ. ಸಣ್ಣ ಉಬ್ಬು ನಿಮಗೆ ಗೊತ್ತಾಗದೆ ದೊಡ್ಡದು ಮಾತ್ರ ಜಗ್ಗುವುದು ಅದಕ್ಕೇ. ಎರಡನೆಯದು, ಆಕ್ಸಲ್ ಮೇಲೆ ಹೋದರೂ ಕೆಳಗೆ ಬಿದ್ದರೂ ತಪ್ಪು ಒಂದೇ ದಿಕ್ಕಿಗೆ. ಉಬ್ಬಿನಲ್ಲಿ ಯಾವ ಕಡೆ ಎಳೆಯುತ್ತದೋ ಗುಂಡಿಯಲ್ಲೂ ಅದೇ ಕಡೆ. ನಿಮ್ಮ ಕಾರು ಯಾವಾಗಲೂ ಒಂದೇ ಕಡೆಗೆ ಸರಿಯುತ್ತದಾ ಅಂತ ನೋಡಿ. ಡ್ರ್ಯಾಗ್ ಲಿಂಕ್ ಇರುವ ಕಡೆಯ ಚಕ್ರ ಉಬ್ಬು ಹತ್ತಿದಾಗ ಜಾಸ್ತಿ, ಆಚೆ ಚಕ್ರ ಹತ್ತಿದಾಗ ಕಡಿಮೆ ಇದೆಯಾ ಅಂತಲೂ ನೋಡಿ. ಎರಡಕ್ಕೂ ಹೌದು ಅಂತಾದರೆ ಕಾಯಿಲೆ ಇದೇ.

ನನಗೆ ಇದು ಗೊತ್ತಾಗಿದ್ದು ಪುಸ್ತಕದಿಂದ ಅಲ್ಲ. ಕೆಲಸಕ್ಕೆ ಸೇರಿದ ಹೊಸತು. ಬೇರೊಂದು ವರ್ಕ್‌ಶಾಪಿನಿಂದ ಒಂದು ಕಾರು ನಮ್ಮಲ್ಲಿಗೆ ಬಂತು, ಥೇಟ್ ನಿಮ್ಮದೇ ಕಾಯಿಲೆ. ನಾನು ಎರಡು ವಾರ ಒಂದೊಂದೇ ಭಾಗ ಬದಲಾಯಿಸಿದೆ. ಏನೂ ಆಗಲಿಲ್ಲ. ಕೊನೆಗೆ ನಮ್ಮ ಹಿರಿಯ ಫಿಟ್ಟರ್ ಬಂದು ಡ್ರ್ಯಾಗ್ ಲಿಂಕ್ ಬಿಚ್ಚಿಸಿದರು. ಸ್ಪ್ರಿಂಗ್‌ನ ಪ್ಲೇಟುಗಳನ್ನೆಲ್ಲ ತೆಗೆಸಿ ಮುಖ್ಯ ಪ್ಲೇಟ್ ಒಂದನ್ನೇ ಉಳಿಸಿದರು. ಛಾಸಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ಸ್ಟಿಯರಿಂಗ್ ಆರ್ಮಿನ ಗುಂಡಿಗೆ ಒಂದು ಪೆನ್ಸಿಲ್ ಕಟ್ಟಿ, ಪಕ್ಕದಲ್ಲಿ ಒಂದು ದಪ್ಪ ರಟ್ಟನ್ನು ಛಾಸಿಗೆ ಬಿಗಿದರು. ಚಕ್ರ ನೇರ ಇರಲಿ ಅಂತ ಟೈ ರಾಡನ್ನು ಆಕ್ಸಲ್‌ಗೆ ಕಟ್ಟಿದರು. ಆಮೇಲೆ ನನ್ನ ಕೈಗೆ ಜಾಕ್ ಕೊಟ್ಟು ಆಕ್ಸಲ್ಲನ್ನು ನಿಧಾನಕ್ಕೆ ಏರಿಸು ಅಂದರು. ಪೆನ್ಸಿಲ್ ರಟ್ಟಿನ ಮೇಲೆ ಒಂದು ಗೆರೆ ಎಳೆಯಿತು. ಅದೇ ಆಕ್ಸಲ್‌ನ ಕಮಾನು. ನಂತರ ಡ್ರಾಪ್ ಆರ್ಮಿನ ಗುಂಡನ್ನು ಕೇಂದ್ರ ಮಾಡಿ, ಲಿಂಕಿನ ಉದ್ದಕ್ಕೆ ಒಂದು ದಾರ ಹಿಡಿದು ಇನ್ನೊಂದು ಗೆರೆ ಎಳೆದರು. ಎರಡು ಗೆರೆ ಮಧ್ಯದಲ್ಲಿ ಕೂಡಿ ತುದಿಗಳಲ್ಲಿ ದೂರ ಸರಿದಿದ್ದವು. ಆ ರಟ್ಟು ಇವತ್ತಿಗೂ ನನ್ನ ಹತ್ತಿರ ಇದೆ.

ನೀವೂ ಮೊದಲು ಇದನ್ನೇ ಮಾಡಿಸಿ. ಅರ್ಧ ದಿನದ ಕೆಲಸ. ಗೆರೆ ನೋಡದೆ ಇನ್ನೊಂದು ಭಾಗವನ್ನೂ ಬದಲಾಯಿಸಬೇಡಿ.

ಗೆರೆ ನೋಡಿದ ಮೇಲೆ ಏನು? ಮೊದಲು ಕೇಳಬೇಕಾದ ಪ್ರಶ್ನೆ, ಸ್ಪ್ರಿಂಗ್‌ಗಳನ್ನು ಯಾವಾಗಲಾದರೂ ಮತ್ತೆ ಬಾಗಿಸಿ ಕೊಟ್ಟಿದ್ದಾರಾ? ಹಳೆಯ ಸ್ಪ್ರಿಂಗ್ ಕುಸಿದಿದೆ ಅಂತ ಜಾಸ್ತಿ ಬಾಗು ಕೊಟ್ಟುಬಿಡುತ್ತಾರೆ. ಆಗ ಛಾಸಿ ಎತ್ತರ ನಿಲ್ಲುತ್ತದೆ, ಲಿಂಕ್ ಓರೆಯಾಗುತ್ತದೆ. ಲಿಂಕ್ ಮಟ್ಟವಾಗಿ ಇದ್ದರೆ ಮೊದಲ ಒಂದೆರಡು ಸೆಂಟಿಮೀಟರ್ ಏರಿಳಿತಕ್ಕೆ ತಪ್ಪು ಬಹಳ ಕಡಿಮೆ. ಓರೆಯಿಂದ ಶುರುವಾದರೆ ಮೊದಲ ಸೆಂಟಿಮೀಟರಿನಿಂದಲೇ ತಪ್ಪು ಶುರು. ನಾನು ನೋಡಿದ ಎಷ್ಟೋ ಕಾರುಗಳಲ್ಲಿ ಎತ್ತರ ಸರಿ ಮಾಡಿದ್ದಕ್ಕೇ ಅರ್ಧ ಕಾಯಿಲೆ ಹೋಗಿದೆ.

ಇನ್ನೊಂದು ದಾರಿಯನ್ನು ಆ ಕಾಲದ ತಯಾರಕರೇ ಕಂಡುಕೊಂಡಿದ್ದರು. ಶ್ಯಾಕಲ್ಲನ್ನು ಸ್ಪ್ರಿಂಗ್‌ನ ಮುಂದಿನ ತುದಿಗೆ ಹಾಕಿ, ಹಿಂದಿನ ತುದಿಯನ್ನು ಪಿನ್ನಿನಲ್ಲಿ ಕೂರಿಸುವುದು. ಆಗ ಆಕ್ಸಲ್ ಕಮಾನಿನ ಕೇಂದ್ರವೂ ಹಿಂದಕ್ಕೆ ಬರುತ್ತದೆ. ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿ. 3.7 ಮತ್ತು 2.1 ಈಗ ಒಂದೇ ದಿಕ್ಕಿಗೆ. ವ್ಯತ್ಯಾಸ 1.6 ಮಿಲಿಮೀಟರ್ ಮಾತ್ರ, 0.6 ಡಿಗ್ರಿ. ಎಂಥ ಅಂದವಾದ ಉಪಾಯ ಅಲ್ವಾ? ಒಂದು ಶ್ಯಾಕಲ್ ಜಾಗ ಬದಲಾಯಿತು ಅಷ್ಟೇ. ಆದರೆ ನಿಮ್ಮ ಕಾರಿನಲ್ಲಿ ಇದನ್ನು ನೀವಾಗಿ ಮಾಡಲು ಹೋಗಬೇಡಿ. ಛಾಸಿಯ ಮುಂದಿನ ಮೂತಿ ಮತ್ತು ಹಿಂದಿನ ಬ್ರಾಕೆಟ್ ಬೇರೆ ಬೇರೆ ಭಾರಕ್ಕೆ ಮಾಡಿದ್ದು. ಬ್ರೇಕ್ ಹಾಕಿದಾಗ ಆಕ್ಸಲ್ಲನ್ನು ತಡೆದು ನಿಲ್ಲಿಸುವುದು ಶ್ಯಾಕಲ್ ಇಲ್ಲದ ತುದಿ.

ಪ್ರಶ್ನೆ: ಡ್ರ್ಯಾಗ್ ಲಿಂಕ್ ಬಿಚ್ಚಿದಾಗ ಎರಡು ತುದಿಯಲ್ಲೂ ಸಣ್ಣ ಕಾಯಿಲ್ ಸ್ಪ್ರಿಂಗ್ ಸಿಕ್ಕಿತು. ಅದರ ಕೆಲಸ ಏನು? ತೆಗೆದು ವಾಷರ್ ಹಾಕಿದರೆ ಸ್ಟಿಯರಿಂಗ್ ಇನ್ನೂ ಚುರುಕಾಗುವುದಿಲ್ಲವೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಮೇಲೆ ಹೇಳಿದ ಕಾರಿನಲ್ಲೂ ಹಿಂದಿನ ವರ್ಕ್‌ಶಾಪಿನವರು ಅದನ್ನೇ ಮಾಡಿದ್ದರು. ಸ್ಪ್ರಿಂಗ್ ಜಾಗದಲ್ಲಿ ವಾಷರ್ ತುಂಬಿದ್ದರು. ಸ್ಟಿಯರಿಂಗ್ ಆರ್ಮ್ ತೊಳೆದು ನೋಡಿದಾಗ ಕತ್ತಿನಲ್ಲಿ ಕೂದಲಿನಷ್ಟು ತೆಳುವಾದ ಬಿರುಕು ಇತ್ತು.

ಚಕ್ರ ಕಲ್ಲಿಗೆ ಬಡಿದಾಗ ಪೆಟ್ಟು ಸ್ಟಿಯರಿಂಗ್ ಆರ್ಮಿನಿಂದ ಲಿಂಕಿಗೆ, ಅಲ್ಲಿಂದ ಬಾಕ್ಸಿನ ಹಲ್ಲುಗಳಿಗೆ ಹೋಗುತ್ತದೆ. ಆ ಕಾಲದ ಎಷ್ಟೋ ಬಾಕ್ಸುಗಳಲ್ಲಿ ವರ್ಮ್ ಗೇರ್ (ಸ್ಕ್ರೂವಿನ ಹಾಗೆ ತಿರುಗುವ ಗೇರ್) ಇತ್ತು. ಕೈಯಿಂದ ಚಕ್ರಕ್ಕೆ ಬಲ ಹೋಗುತ್ತದೆ, ಚಕ್ರದಿಂದ ಕೈಗೆ ಸುಲಭಕ್ಕೆ ವಾಪಸ್ ಬರುವುದಿಲ್ಲ. ಕೈಗೇನೋ ಆರಾಮ. ಆದರೆ ಪೆಟ್ಟು ಎಲ್ಲಿಗೆ ಹೋಗಬೇಕು? ಗೇರ್ ತಿರುಗಿ ದಾರಿ ಬಿಡುವುದಿಲ್ಲ, ಹಾಗಾಗಿ ಇಡೀ ಪೆಟ್ಟು ಆರ್ಮ್ ಮತ್ತು ಹಲ್ಲುಗಳ ಮೇಲೆ ಕೂರುತ್ತದೆ. ಆ ಸಣ್ಣ ಸ್ಪ್ರಿಂಗ್ ಇರುವುದು ಪೆಟ್ಟಿನ ಮೊನೆ ಮುರಿಯಲು. ಎರಡು ಕಮಾನುಗಳ ಜಗಳದಲ್ಲೂ ಒಂದೆರಡು ಮಿಲಿಮೀಟರನ್ನು ಅದೇ ನುಂಗುತ್ತದೆ.

ಜೋಡಿಸುವ ಕ್ರಮ ಬಹಳ ಮುಖ್ಯ. ತುದಿಗೆ ಒಂದೇ ಸ್ಪ್ರಿಂಗ್ ಇರುವ ಲಿಂಕಿನಲ್ಲಿ ಎರಡೂ ಸ್ಪ್ರಿಂಗ್ ಗುಂಡಿನ ಒಂದೇ ದಿಕ್ಕಿಗೆ ಇರಬೇಕು. ಎರಡೂ ಗುಂಡಿನ ಹಿಂದೆ, ಇಲ್ಲವೇ ಎರಡೂ ಮುಂದೆ. ಆಗ ಒಂದು ಸ್ಪ್ರಿಂಗ್ ನೂಕುವ ಪೆಟ್ಟನ್ನು ತಡೆಯುತ್ತದೆ, ಇನ್ನೊಂದು ಎಳೆಯುವ ಪೆಟ್ಟನ್ನು. ಎರಡನ್ನೂ ಲಿಂಕಿನ ಒಳಮುಖಕ್ಕೆ ಹಾಕಿದರೆ ನೂಕುವಾಗ ಲಿಂಕ್ ಎರಡು ಪಟ್ಟು ಮೆತ್ತಗೆ, ಎಳೆಯುವಾಗ ಕಬ್ಬಿಣದಷ್ಟು ಗಟ್ಟಿ. ಬಿಚ್ಚುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳಿ.

ತುದಿಯ ಪ್ಲಗ್ಗನ್ನು ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ತಾಗುವಷ್ಟು ಬಿಗಿದು ಹಾಗೇ ಬಿಡಬೇಡಿ. ಸುರುಳಿ ತಾಗಿದ ಸ್ಪ್ರಿಂಗ್‌ಗೂ ವಾಷರಿಗೂ ವ್ಯತ್ಯಾಸವೇ ಇಲ್ಲ. ಪೂರ್ತಿ ಬಿಗಿದು, ಸ್ಪ್ಲಿಟ್ ಪಿನ್ ತೂತು ಸಿಗುವಷ್ಟು ಹಿಂದಕ್ಕೆ ತಿರುಗಿಸಿ, ಪಿನ್ ಹಾಕಿ. ಗುಂಡು ತನ್ನ ಗೂಡಿನಲ್ಲಿ ಸಲೀಸಾಗಿ ತಿರುಗಬೇಕು, ಕಟಕಟ ಅನ್ನಬಾರದು.

ಪ್ರಶ್ನೆ: ನನ್ನ ಕಾರಿಗೆ ಮೊದಲು ಹಿಂದಿನ ಬ್ರೇಕ್ ಮಾತ್ರ ಇತ್ತು. ಮುಂದಿನ ಬ್ರೇಕನ್ನು ಹಿಂದೆ ಯಾರೋ ಸೇರಿಸಿದ್ದಾರೆ. ಜೋರಾಗಿ ಬ್ರೇಕ್ ಹಾಕಿದರೆ ಒಂದು ಕಡೆ ಎಳೆಯುತ್ತದೆ. ಎರಡೂ ಡ್ರಮ್ ಸಮವಾಗಿಯೇ ಹಿಡಿಯುತ್ತಿವೆ.

ಉತ್ತರ: ಡ್ರಮ್ ಸಮ ಇದ್ದರೂ ಎಳೆಯಬಹುದು. ಬ್ರೇಕ್ ಹಿಡಿದಾಗ ತಿರುಗುತ್ತಿರುವ ಡ್ರಮ್ ಆಕ್ಸಲ್ಲನ್ನೂ ತನ್ನ ಜೊತೆ ತಿರುಗಿಸಲು ನೋಡುತ್ತದೆ. ಆಕ್ಸಲ್‌ನ ಮೇಲ್ಭಾಗ ಮುಂದಕ್ಕೆ ವಾಲುತ್ತದೆ. ಅದನ್ನು ತಡೆಯಲು ಲೀಫ್ ಸ್ಪ್ರಿಂಗ್ ಬಿಟ್ಟರೆ ಬೇರೇನೂ ಇಲ್ಲ. ಸ್ಪ್ರಿಂಗ್ ಹಾವಿನ ಹಾಗೆ ಡೊಂಕಾಗುತ್ತದೆ, ಒಂದು ಅರ್ಧ ಮೇಲಕ್ಕೆ, ಇನ್ನೊಂದು ಅರ್ಧ ಕೆಳಕ್ಕೆ. ಸ್ಟಿಯರಿಂಗ್ ಆರ್ಮಿನ ಗುಂಡು ಆಕ್ಸಲ್‌ಗಿಂತ ಮೇಲೆ ಇದ್ದರೆ ಅದೂ ಮುಂದಕ್ಕೆ ಹೋಗಬೇಕು, ಲಿಂಕ್ ಬಿಡುವುದಿಲ್ಲ. ಮತ್ತೆ ಅದೇ ಜಗಳ. ಗುಂಡು 12 ಸೆಂಟಿಮೀಟರ್ ಮೇಲಿದ್ದು ಆಕ್ಸಲ್ 3 ಡಿಗ್ರಿ ವಾಲಿದರೆ 6 ಮಿಲಿಮೀಟರಿಗಿಂತ ಜಾಸ್ತಿ ಆಯಿತು. ಜೊತೆಗೆ ಕಿಂಗ್ ಪಿನ್ ಕೂಡ ಮುಂದಕ್ಕೆ ವಾಲಿ ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಚಕ್ರ ತಾನಾಗಿ ನೇರಕ್ಕೆ ಬರುವ ಗುಣ ಬೇಕಾದ ಹೊತ್ತಿಗೇ ಕುಂದುತ್ತದೆ.

ನಾಲ್ಕು ಚಕ್ರಕ್ಕೂ ಬ್ರೇಕ್ ಅನ್ನುವುದನ್ನು ಇಟಲಿಯ ಇಸೊಟ್ಟಾ ಫ್ರಾಸ್ಕಿನಿ ಕಂಪನಿ 1910ರ ಸುಮಾರಿಗೇ ತಂದಿತ್ತು. 1919ರ ಹಿಸ್ಪಾನೊ ಸುಯಿಜಾ ಎಚ್6, 1921ರ ಡ್ಯೂಸೆನ್‌ಬರ್ಗ್ ಬಂದ ಮೇಲೆ ಉಳಿದವರೂ ಹಿಂದೆ ಬಂದರು. ಮುಂದೆ ಬ್ರೇಕ್ ಇರಲಿ ಅಂತಲೇ ಕಟ್ಟಿದ ಕಾರಿನಲ್ಲಿ ಸ್ಪ್ರಿಂಗ್, ಆಕ್ಸಲ್, ಗುಂಡಿನ ಎತ್ತರ ಎಲ್ಲವನ್ನೂ ಅದಕ್ಕೆ ಹೊಂದಿಸಬಹುದು. ಆಮೇಲೆ ಸೇರಿಸಿದ ಕಾರಿಗೆ ಆ ಭಾಗ್ಯ ಇಲ್ಲ.

ನೀವು ಮಾಡಬಹುದಾದದ್ದು ಇದು. ಸ್ಪ್ರಿಂಗನ್ನು ಆಕ್ಸಲ್‌ಗೆ ಕಟ್ಟುವ ಯು ಬೋಲ್ಟ್‌ಗಳು ಬಿಗಿ ಇವೆಯಾ ನೋಡಿ. ಪ್ಲೇಟುಗಳ ಸಂಖ್ಯೆ, ದಪ್ಪ ಎರಡೂ ಕಡೆ ಒಂದೇ ಇದೆಯಾ ನೋಡಿ. ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ಇಬ್ಬರು ಕಾರನ್ನು ಮುಂದಕ್ಕೆ ತಳ್ಳಲಿ, ನೀವು ಪಕ್ಕದಲ್ಲಿ ಕೂತು ಆಕ್ಸಲ್ ನೋಡಿ. ಅದು ವಾಲುವುದು ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಪ್ರತಿ ಮುಂಚಕ್ರವೂ ತನ್ನದೇ ಕೀಲಿನ ಮೇಲೆ ತಿರುಗುವ, ಸ್ಟಿಯರಿಂಗ್‌ನ ಆಕರ್ಮನ್ ವಿನ್ಯಾಸವನ್ನು ಆಕರ್ಮನ್ ಅವರೇ ಕಂಡುಹಿಡಿದರೇ?

ಉತ್ತರ: ಅಲ್ಲ. ಮ್ಯೂನಿಕ್‌ನಲ್ಲಿ ಗಾಡಿ ಕಟ್ಟುತ್ತಿದ್ದ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್ 1817ರಲ್ಲಿ ಇದನ್ನು ಮಾಡಿದರು. ಲಂಡನ್ನಿನಲ್ಲಿ ಅವರ ಪರವಾಗಿ 1818ರಲ್ಲಿ ಪೇಟೆಂಟ್ ತೆಗೆದವರು ರುಡಾಲ್ಫ್ ಆಕರ್ಮನ್. ಹೆಸರು ಪೇಟೆಂಟ್ ತೆಗೆದವರದ್ದೇ ಉಳಿಯಿತು, ನನಗೆ ಅದು ಯಾವಾಗಲೂ ಬೇಸರದ ವಿಷಯ. ಕಾರ್ಲ್ ಬೆಂಜ್ 1886ರಲ್ಲಿ ಮೂರು ಚಕ್ರದ ಗಾಡಿ ಮಾಡಲು ಒಂದು ಕಾರಣ, ಎರಡು ಮುಂಚಕ್ರಗಳನ್ನು ಸರಿಯಾಗಿ ತಿರುಗಿಸುವ ದಾರಿ ಅವರಿಗೆ ಆಗ ಒಪ್ಪಿಗೆಯಾಗಿರಲಿಲ್ಲ. 1893ರಲ್ಲಿ ಅವರೂ ಇದೇ ರೀತಿಯ ಸ್ಟಿಯರಿಂಗ್‌ಗೆ ಪೇಟೆಂಟ್ ಪಡೆದು ನಾಲ್ಕು ಚಕ್ರದ ವಿಕ್ಟೋರಿಯಾ ಕಾರು ತಂದರು.

ಪ್ರಶ್ನೆ: ಫೋರ್ಡ್ ಮಾಡೆಲ್ ಟಿ ಕಾರಿನಲ್ಲೂ ಈ ಎರಡು ಕಮಾನುಗಳ ಸಮಸ್ಯೆ ಇದೆಯೇ?

ಉತ್ತರ: ಇದೆ, ಆದರೆ ಬೇರೆ ರೂಪದಲ್ಲಿ. ಅದರಲ್ಲಿ ಮುಂದಿನ ಸ್ಪ್ರಿಂಗ್ ಒಂದೇ, ಅದೂ ಅಡ್ಡಕ್ಕೆ. ಆಕ್ಸಲ್ಲನ್ನು ಮುಂದೆ ಹಿಂದೆ ಹೋಗದಂತೆ ಹಿಡಿಯುವುದು ವಿ ಆಕಾರದ ಒಂದು ರಾಡ್, ಅದರ ತುದಿಯ ಗುಂಡು ಎಂಜಿನ್ ಕೆಳಗೆ ಕೂತಿದೆ. ಡ್ರ್ಯಾಗ್ ಲಿಂಕ್ ಕೂಡ ಅಡ್ಡಕ್ಕೆ, ಹೆಚ್ಚು ಕಡಿಮೆ ಆಕ್ಸಲ್‌ಗೆ ಸಮಾನಾಂತರ. ಲಿಂಕ್ ಉದ್ದ ಇರುವುದರಿಂದ ಅದರ ಕಮಾನು ಚಪ್ಪಟೆ. ನೇರವಾಗಿ ಮೇಲೆ ಕೆಳಗೆ ಹೋದರೆ ತೊಂದರೆ ಕಡಿಮೆ.

ತೊಂದರೆ ಬರುವುದು ಛಾಸಿ ಪಕ್ಕಕ್ಕೆ ಸರಿದಾಗ. ಅಡ್ಡ ಸ್ಪ್ರಿಂಗ್ ಎರಡು ತುದಿಯಲ್ಲೂ ಶ್ಯಾಕಲ್‌ನಲ್ಲಿ ತೂಗಾಡುತ್ತದೆ. ತಿರುವಿನಲ್ಲಿ ಛಾಸಿ ಸ್ವಲ್ಪ ಪಕ್ಕಕ್ಕೆ ಜಾರಿದರೆ ಸ್ಟಿಯರಿಂಗ್ ಕಾಲಮ್ ಕೂಡ ಜೊತೆಗೆ ಜಾರಿ, ಲಿಂಕ್ ಚಕ್ರವನ್ನು ತಳ್ಳುತ್ತದೆ. ಸ್ಟಿಯರಿಂಗ್ ಗೇರ್ ಇರುವುದು ಸ್ಟಿಯರಿಂಗ್ ಚಕ್ರದ ಕೆಳಗೇ, ಅನುಪಾತ ಬರೀ 4ಕ್ಕೆ 1, ಕೊನೆಯ ವರ್ಷಗಳಲ್ಲಿ 5ಕ್ಕೆ 1. ಹಾಗಾಗಿ ಮುಂಚಕ್ರದ ಪ್ರತಿ ಅಲುಗಾಟವೂ ಕೈಗೆ ಗೊತ್ತಾಗುತ್ತದೆ. ಶ್ಯಾಕಲ್ ಬುಷ್‌ಗಳನ್ನು ಚೆನ್ನಾಗಿ ಇಟ್ಟುಕೊಳ್ಳಿ.

ಪ್ರಶ್ನೆ: ಹೊಂದಾಣಿಕೆ ಸರಿ ಮಾಡಲು ಸ್ಟಿಯರಿಂಗ್ ಆರ್ಮನ್ನು ಕಾಯಿಸಿ ಸ್ವಲ್ಪ ಬಗ್ಗಿಸಬಹುದೇ? ತುಕ್ಕು ಹಿಡಿದ ಜಾಗಕ್ಕೆ ವೆಲ್ಡಿಂಗ್ ತುಂಬಬಹುದೇ?

ಉತ್ತರ: ಎರಡೂ ಬೇಡ. ಈ ಪ್ರಶ್ನೆಗೆ ನಾನು ಬೇರೆ ಉತ್ತರ ಕೊಟ್ಟಿದ್ದೇ ಇಲ್ಲ.

ಆರ್ಮ್ ಮಾಡಿರುವುದು ಬಡಿದು ರೂಪ ಕೊಟ್ಟ, ಹದ ಮಾಡಿದ ಉಕ್ಕಿನಿಂದ. ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿದರೆ ಆ ಜಾಗದ ಹದ ಹೋಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ವೆಲ್ಡಿಂಗ್ ಮಾಡಿದರೆ ಅದರ ಅಂಚಿನಲ್ಲಿ ಗಡುಸಾದ ಪಟ್ಟಿ ಹುಟ್ಟುತ್ತದೆ, ಬಿರುಕು ಶುರುವಾಗಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ತುಕ್ಕಿನ ವಿಷಯದಲ್ಲಿ ಒಂದು ಲೆಕ್ಕ ಕೊಡುತ್ತೇನೆ. ಕತ್ತಿನ ವ್ಯಾಸ 22 ಮಿಲಿಮೀಟರ್, ಗುಂಡು ಅಲ್ಲಿಂದ 15 ಸೆಂಟಿಮೀಟರ್ ದೂರ. ಲಿಂಕ್ 1,500 ನ್ಯೂಟನ್ ಬಲದಿಂದ ತಳ್ಳಿತು ಅಂತ ಇಟ್ಟುಕೊಳ್ಳಿ, ಅಂದರೆ ಸುಮಾರು 150 ಕೆ.ಜಿ. ಭಾರದಷ್ಟು. ಕತ್ತಿನಲ್ಲಿ ಬಾಗುವ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 215 ನ್ಯೂಟನ್. ತುಕ್ಕು ತಿಂದು, ಉಜ್ಜಿ, ವ್ಯಾಸ 20ಕ್ಕೆ ಇಳಿಯಿತು. ಒತ್ತಡ ಈಗ 285ರ ಮೇಲೆ. ಎರಡೇ ಮಿಲಿಮೀಟರಿಗೆ ಮೂರನೇ ಒಂದು ಭಾಗ ಜಾಸ್ತಿ! ವ್ಯಾಸ ಕಡಿಮೆಯಾದರೆ ಒತ್ತಡ ಅದರ ಘನಕ್ಕೆ ವಿಲೋಮವಾಗಿ ಏರುವುದರಿಂದ ಹೀಗೆ. ತುಕ್ಕಿನ ಸಣ್ಣ ಗುಳಿಗಳು ಒತ್ತಡವನ್ನು ಒಂದೇ ಕಡೆ ಗುಡ್ಡೆ ಹಾಕುವುದು ಇದರ ಮೇಲೆ ಬೇರೆ.

ಒಂದು ಸಲ ತಡೆದುಕೊಂಡ ಬಲವನ್ನು ಲಕ್ಷ ಸಲ ತಡೆಯುತ್ತದೆ ಅಂತ ಹೇಳಲಾಗದು. ರೈಲು ಆಕ್ಸಲ್‌ಗಳು ಸುಮ್ನೆ ಮುರಿಯುತ್ತಿದ್ದುದು ಯಾಕೆ ಅಂತ ಜರ್ಮನಿಯ ಆಗಸ್ಟ್ ವ್ಯೋಲರ್ 1850 ಮತ್ತು 60ರ ದಶಕಗಳಲ್ಲಿ ಪರೀಕ್ಷೆ ಮಾಡಿ ಇದನ್ನೇ ತೋರಿಸಿದರು. ಸ್ಟಿಯರಿಂಗ್ ಆರ್ಮ್ ಪ್ರತಿ ಉಬ್ಬಿಗೂ ಒಮ್ಮೆ ಆಚೆ ಒಮ್ಮೆ ಈಚೆ ಬಾಗುತ್ತದೆ. ನಿಮ್ಮದು ಈಗಾಗಲೇ ಎಷ್ಟು ಸಲ ಬಾಗಿದೆ ಅಂತ ಯಾರಿಗೂ ಗೊತ್ತಿಲ್ಲ.

ಮಾಡಬೇಕಾದದ್ದು ಇಷ್ಟು. ಆರ್ಮ್ ಬಿಚ್ಚಿ, ಗ್ರೀಸ್ ಮತ್ತು ಬಣ್ಣ ಪೂರ್ತಿ ತೆಗೆದು ಬಿರುಕು ತೋರಿಸುವ ಕಾಂತದ ಪುಡಿ ಪರೀಕ್ಷೆ ಮಾಡಿಸಿ. ಅದು ಸಿಗದಿದ್ದರೆ ಬಿರುಕಿನೊಳಗೆ ಬಣ್ಣದ ದ್ರವ ಇಳಿಸಿ ನೋಡುವ ಡೈ ಪರೀಕ್ಷೆ. ಕತ್ತು, ಗುಂಡಿನ ಬುಡ, ಕೀ (ಆರ್ಮ್ ಜಾರದಂತೆ ಹಿಡಿಯುವ ಸಣ್ಣ ತುಂಡು) ಕೂರುವ ತೋಡು, ಈ ಮೂರು ಜಾಗದಲ್ಲಿ ಕಣ್ಣಿಡಿ. ಡ್ರಾಪ್ ಆರ್ಮಿಗೂ ಇದನ್ನೇ ಮಾಡಿ. ಬಿರುಕು ಇಲ್ಲದಿದ್ದರೆ ಹಾಗೇ ಹಾಕಿಕೊಳ್ಳಿ. ಇದ್ದರೆ ಹೊಸದನ್ನು ಮಾಡಿಸಿ. ಹಳೆಯದನ್ನು ಗರಗಸದಲ್ಲಿ ಎರಡು ತುಂಡು ಮಾಡಿ ಇಡಿ, ಮುಂದೆ ಯಾರೂ ಅದನ್ನು ಎತ್ತಿಕೊಂಡು ಇನ್ನೊಂದು ಕಾರಿಗೆ ಹಾಕದ ಹಾಗೆ.